ಬಲತುದಿಗೆ ಇಳಿದ ಕಣ್ಣು

ತಪ್ಪು ಯಂತ್ರದ್ದು ಎಂದುಬಿಟ್ಟರೆ ನನಗೆ ಸುಖ. ಆದರೆ ಯಂತ್ರಕ್ಕೆ ಬಾಯಿಲ್ಲ, ಬಾಯಿ ಇದ್ದದ್ದು ನನಗೆ.

ಜನ ಕವಿತೆ ಓದುವಾಗ ಕಣ್ಣು ಹೇಗೆ ಚಲಿಸುತ್ತದೆ ಎನ್ನುವುದು ನನ್ನ ಪಿಎಚ್‌ಡಿಯ ವಿಷಯ. ಲ್ಯಾಪ್‌ಟಾಪಿನ ಪರದೆಯ ಕೆಳಗೆ ಗೇಣುದ್ದದ ಕ್ಯಾಮೆರಾ ಪಟ್ಟಿ. ಓದುವವರ ಕಣ್ಣು ನಿಂತಲ್ಲೆಲ್ಲ ಒಂದು ಕೆಂಪು ಚುಕ್ಕಿ, ಹೋದ ದಾರಿಗೆ ಒಂದು ಗೆರೆ. ಕಾಲೇಜು ಮಕ್ಕಳ ಕಣ್ಣುಗಳು ಪುತ್ತೂರಿನಲ್ಲೇ ಬೇಕಾದಷ್ಟು ಸಿಕ್ಕಿದ್ದವು. ಗೈಡ್ ಒಪ್ಪಲಿಲ್ಲ, ಊರ ಜನ ಬೇಕೆಂದರು. ಹಾಗಾಗಿ ಮಂಡೆಕೋಲಿನ ಕಡೆಯ ನಮ್ಮೂರ ವಾಚನಾಲಯದಲ್ಲಿ ಒಂದು ವಾರ ಅಂಗಡಿ ತೆರೆದೆ.

ರಮ್ಲತ್ ಅಲ್ಲಿ ಗುಡಿಸಿ ಒರೆಸಿ ಪತ್ರಿಕೆ ಜೋಡಿಸುವವರು. ವಯಸ್ಸು ನಲುವತ್ತರ ಆಸುಪಾಸು. ಶಾಲೆ ಎರಡನೇ ಕ್ಲಾಸಿಗೇ ನಿಂತಿತ್ತು, ಮದ್ರಸದಲ್ಲಿ ಕಲಿತ ಅರಬಿ ಅಕ್ಷರ ಮಾತ್ರ ಉಳಿದಿತ್ತು. ದಿನಾ ಬೆಳಿಗ್ಗೆ ಕುರಾನ್ ಓದುವುದು ಅದರಲ್ಲೇ. ಕನ್ನಡವನ್ನು ಮೂವತ್ತು ದಾಟಿದ ಮೇಲೆ, ಮಗಳ ಪಾಠಪುಸ್ತಕ ಹಿಡಿದು ತಾವೇ ಕಲಿತರು. ಆಮೇಲೆ ವಾಚನಾಲಯದ ಒಂದೊಂದೇ ಕಪಾಟು ಮುಗಿಸುತ್ತ ಬಂದರು. ಪುಸ್ತಕ ಕೊಡುವ ಕೆಲಸದಲ್ಲಿದ್ದವರು ನಿವೃತ್ತರಾಗಿದ್ದರು. ಆ ಕುರ್ಚಿ ತಮಗೆ ಸಿಗಬೇಕೆಂಬ ಆಸೆ ಅವರಿಗೆ. ತಿಂಗಳ ಕೊನೆಗೆ ಸಮಿತಿಯ ತೀರ್ಮಾನ.

"ಸಮಿತಿಯವರಿಗೆ ಒಂದೇ ಸಂಶಯ ಇರುದು, ನನಗೆ ಸರಿ ಓದ್ಲಿಕ್ಕೆ ಬರ್ತದಾ ಅಂತ" ಎನ್ನುತ್ತ ಕ್ಯಾಮೆರಾದ ಮುಂದೆ ಕೂತರು.

ಎಂಟು ಸಾಲಿನ ಕವಿತೆ. ಬಾವಿಕಟ್ಟೆಯ ಮೇಲೆ ಒಬ್ಬಳು ಮರೆತುಹೋದ ಚಪ್ಪಲಿಯ ಬಗ್ಗೆ. ಓದಿದ ಮೇಲೆ ಅನಿಸಿದ್ದನ್ನು ಬರೆಯಿರಿ ಎಂದು ಹಾಳೆ ಕೊಟ್ಟೆ. ನಿಧಾನಕ್ಕೆ ಬರೆದು ಮಡಚಿ ಕೊಟ್ಟರು. ನಾನು ಬಿಡಿಸಿಯೂ ನೋಡದೆ ಫೈಲಿಗೆ ತುರುಕಿದೆ.

ಮಧ್ಯಾಹ್ನ ಸಮಿತಿಯ ಅಧ್ಯಕ್ಷ ತೀರ್ಥರಾಮ ಮಾವ ಬಂದರು. "ಎಂತ ಮೋಕ್ಷಿತಾ, ನಿನ್ನ ಮಿಷಿನ್ ಎಂತ ಹೇಳ್ತದೆ?"

ಯಾರ ದಾಖಲೆಯನ್ನೂ ಯಾರಿಗೂ ತೋರಿಸುವುದಿಲ್ಲ ಎಂದು ಪ್ರತಿಯೊಬ್ಬರಿಗೂ ಬರೆದುಕೊಟ್ಟವಳು ನಾನು. ಆದರೂ ಊರ ಹಿರಿಯರೆದುರು ನಮ್ಮ ವಿದ್ಯೆ ತೋರಿಸುವ ಚಪಲ ಇದೆಯಲ್ಲ, ಅದಕ್ಕೆ ಮದ್ದಿಲ್ಲ. ಆಗಷ್ಟೇ ಮುಗಿದ ಕೊನೆಯ ದಾಖಲೆ ತೆರೆದೆ.

"ಇದು ರಮ್ಲತಳದ್ದಾ?" ಎಂದು ಮಾವ ಕೇಳಿದರು.

ಅಲ್ಲ ಎನ್ನಲಿಲ್ಲ. ಎಲ್ಲರ ಕಣ್ಣು ಸಾಲು ಮುಗಿದೊಡನೆ ಮುಂದಿನ ಸಾಲಿನ ಎಡತುದಿಗೆ ಹಾರುತ್ತದೆ. ಇವರದು ನೇರ ಕೆಳಗಿನ ಸಾಲಿನ ಬಲತುದಿಗೆ ಇಳಿದು, ಅಲ್ಲಿಂದ ಹಿಂದಕ್ಕೆ ಹೋಗಿತ್ತು. ಎಂಟು ಸಾಲಿನಲ್ಲೂ ಗೆರೆ ಸಿಕ್ಕುಸಿಕ್ಕು.

"ಇವರ ಕಣ್ಣು ಎಲ್ಲೆಲ್ಲೋ ಹೋಗ್ತದೆ. ಓದುದಲ್ಲ ಮಾವ, ಓದಿದ ಹಾಗೆ ಮಾಡುದು ಅಷ್ಟೆ" ಎಂದೆ.

ರಮ್ಲತ್ ಬಾಗಿಲ ಬಳಿ ಪತ್ರಿಕೆ ಜೋಡಿಸುತ್ತಿದ್ದರು. ಕೇಳಿಸಿತೆಂದು ನನಗೆ ಗೊತ್ತು. ಕೇಳಿಸಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಊಟಕ್ಕೆ ಹೋದೆ.

ಎರಡು ತಿಂಗಳ ಮೇಲೆ, ಪುತ್ತೂರಿನ ಬಾಡಿಗೆ ಕೋಣೆಯಲ್ಲಿ ಕೂತು ಕೆಲಸಕ್ಕೆ ಬಾರದ ದಾಖಲೆಗಳನ್ನು ತೆಗೆಯುತ್ತಿದ್ದೆ. ತೆಗೆಯುವ ಮೊದಲು ಓದುಗರ ಉತ್ತರ ನೋಡಲೇಬೇಕು, ಅದು ನಿಯಮ. ರಮ್ಲತರ ಹಾಳೆ ಬಿಡಿಸಿದೆ. ದುಂಡು ಅಕ್ಷರ, ಎರಡೇ ವಾಕ್ಯ. "ಅವಳು ಚಪ್ಪಲಿ ಮರೆತದ್ದಲ್ಲ. ಕಾಲಲ್ಲಿದ್ದರೆ ಮನೆ ಬಿಟ್ಟು ಹೊರಡಲು ಮನಸ್ಸಾದೀತೆಂದು ಬೇಕೆಂದೇ ಬಿಟ್ಟದ್ದು."

ಎಂಎ ಆದವರೂ ಸೇರಿ ಮೂವತ್ತೇಳು ಜನ ಓದಿದ್ದರು. ಉಳಿದ ಒಬ್ಬರಿಗೂ ಇದು ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಚುಕ್ಕಿಗಳನ್ನು ಒಂದೊಂದಾಗಿ ಓಡಿಸಿ ನೋಡಿದೆ. ಬಲತುದಿಯಿಂದ ಎಡತುದಿಗೆ ಬಂದ ಕಣ್ಣು ಅಲ್ಲಿಂದ ಪದ ಪದಕ್ಕೂ ನಿಂತು ಇಡೀ ಸಾಲನ್ನು ಓದಿತ್ತು. ಎಂಟಕ್ಕೆ ಎಂಟು ಸಾಲನ್ನೂ. ಅರಬಿ ಸಾಲು ಶುರುವಾಗುವುದು ಬಲದಿಂದ. ಚಿಕ್ಕಂದಿನಿಂದ ಅಲ್ಲಿಗೇ ಹೋಗಿ ಅಭ್ಯಾಸವಾದ ಕಣ್ಣು ಮೊದಲು ಅಲ್ಲಿಗೆ ಹೋಗಿ, ಇದು ಕನ್ನಡ ಎಂದು ನೆನಪಾಗಿ ತಿರುಗಿ ಬರುತ್ತಿತ್ತು. ಇದು ಪರದೇಶದ ಯಾರೋ ಪ್ರೊಫೆಸರಿಗೆ ತಿಳಿಯದಿದ್ದರೆ ಕ್ಷಮಿಸಬಹುದು. ನಾನು ಬೆಳಿಗ್ಗೆ ಮದ್ರಸ ಮುಗಿಸಿ ಶಾಲೆಗೆ ಓಡಿಬರುವ ಮಕ್ಕಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಬೆಳೆದವಳು. ಒಂದನೇ ಕ್ಲಾಸಿನಲ್ಲಿ ರಸೀನಾ ನೋಟ್‌ಬುಕ್ಕನ್ನು ಹಿಂದಿನ ಪುಟದಿಂದ ಶುರುಮಾಡಿ ಬೈಸಿಕೊಂಡಾಗ ಪಕ್ಕದಲ್ಲಿದ್ದವಳು ನಾನೇ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಮರುದಿನವೇ ತಪ್ಪೊಪ್ಪಿಗೆ ಬರೆದು ಪ್ರಿಂಟ್ ತೆಗೆದು ಊರಿಗೆ ಹೋದೆ. ತೀರ್ಥರಾಮ ಮಾವ ಕೇಳಿ ತಲೆ ಕೆರೆದುಕೊಂಡರು. "ಈಗ ಹೇಳಿದ್ರೆ ಹೇಗೆ ಮಾರಾಯ್ತಿ? ಆ ಕುರ್ಚಿಗೆ ಸುಳ್ಯದ ಹುಡುಗಿ ಸೇರಿ ತಿಂಗಳಾಯ್ತು. ಅವಳನ್ನು ಎಂತ ಹೇಳಿ ತೆಗಿಯುದು? ಕಾಗದ ಕೊಡು, ಫೈಲಲ್ಲಿ ಇರ್ಲಿ." ಒಂದು ಪ್ರತಿ ಅವರಿಗೆ ಕೊಟ್ಟು, ಇನ್ನೊಂದನ್ನು ಹಿಡಿದು ರಮ್ಲತರ ಮನೆಗೆ ನಡೆದೆ. ಗುಡಿಸುವ ಕೆಲಸವನ್ನೂ ಅವರು ಬಿಟ್ಟಿದ್ದರು.

ಚಾ ಕೊಟ್ಟರು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು, ಅದಕ್ಕೇ ಬಂದದ್ದೋ ಏನೋ.

"ಈಗ ಯಾವ ಪುಸ್ತಕ ಓದ್ತಾ ಇದ್ದೀರಿ?" ಎಂದು ಕೇಳಿದೆ.

"ಈಗ ಇಲ್ಲ" ಎಂದರು. "ಪುಸ್ತಕ ಹಿಡಿದ್ರೆ ನನ್ನ ಕಣ್ಣು ಎಲ್ಲಿ ಹೋಗ್ತದೆ ಅಂತಲೇ ನೋಡುದಾಗ್ತದೆ. ಕಥೆ ತಲೆಗೇ ಹೋಗುದಿಲ್ಲ. ಮೊದಲು ಅಷ್ಟು ಓದಿದ್ದೆನಲ್ಲ, ಅದೆಲ್ಲ ಓದಿದ್ದು ಹೌದಾ ಅಂತಲೂ ಸಂಶಯ ಉಂಟು."

ಕುರ್ಚಿ ತಪ್ಪಿಸಿದ ಪಾಪವನ್ನಷ್ಟೇ ಹೊತ್ತುಕೊಂಡು ಬಂದಿದ್ದೆ. "ನೀವು ಓದಿದ್ದು ಸರಿಯೇ ಇತ್ತು. ತಪ್ಪು ನನ್ನದು. ಎಲ್ಲ ಇದರಲ್ಲಿ ಬರೆದಿದ್ದೇನೆ, ಓದಿ ನೋಡಿ" ಎಂದು ಹಾಳೆ ಚಾಚಿದೆ.

ರಮ್ಲತ್ ಕೈಗೆ ತೆಗೆದುಕೊಂಡರು. ಒಂದು ಕ್ಷಣ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈಗೇ ವಾಪಸು ಕೊಟ್ಟರು.

"ನೀವೇ ಓದಿ ಹೇಳಿ."

ನಾನು ಓದಿದೆ. ರಮ್ಲತ್ ಸರಿಯಾಗಿಯೇ ಓದುತ್ತಾರೆ ಎಂಬ ನನ್ನ ಪತ್ರವನ್ನು, ರಮ್ಲತರಿಗೆ, ಗಟ್ಟಿಯಾಗಿ, ಮೊದಲಿಂದ ಸಹಿಯವರೆಗೆ. ಅವರು ತಲೆ ತಗ್ಗಿಸಿ ಪೂರ್ತಿ ಕೇಳಿದರು.

"ಚಂದ ಓದ್ತೀರಿ ನೀವು" ಎಂದರು.