ಅರ್ಧ ಮಾತ್ರೆ

ಲಿಫ್ಟ್ ರಿಪೇರಿಗೆ ಹೋಗಿ ಮೇಲಿಂದ ಬಿದ್ದು ತಲೆಗೆ ಏಟಾದ ನನ್ನ ಗಂಡ ಈಗ ಕಣ್ಣು ಬಿಡುತ್ತಾರೆ, ಯಾರನ್ನೂ ನೋಡುವುದಿಲ್ಲ. ಕರೆದರೆ ಓಗೊಡುವುದಿಲ್ಲ. ಇವತ್ತಿನ ಸ್ಕ್ಯಾನಿನಲ್ಲೂ ಏನೂ ಕಾಣದಿದ್ದರೆ ಚಿಕಿತ್ಸೆ ನಿಲ್ಲಿಸಿ ಬರೀ ಆರೈಕೆಯ ವಾರ್ಡಿಗೆ ಸಾಗಿಸುತ್ತಾರೆ. ಅಲ್ಲಿಗೆ ಹೋದವರನ್ನು ಮತ್ತೆ ಯಾರೂ ಪರೀಕ್ಷಿಸುವುದಿಲ್ಲ.

"ಅವರನ್ನ ಏನೂ ಕೇಳಲ್ಲ, ಸುಮ್ನೆ ಮಲಗಿರ್ಲಿ," ಎಂದಿದ್ದರು ಡಾಕ್ಟರಮ್ಮ. "ಸುಮ್ನಿದ್ದಾಗ್ಲೂ ಮೆದುಳಿನ ಭಾಗಗಳು ಒಂದಕ್ಕೊಂದು ಮಾತಾಡ್ತಿರ್ತವೆ. ಅದು ನಡೀತಿದ್ಯಾ ನೋಡ್ತೀವಿ."

ಕಳೆದ ಸಲ ಕೈಕಾಲು ನಡುಗಿ ಚಿತ್ರವೆಲ್ಲ ಕೆಟ್ಟಿತ್ತು. ಈ ಸಲ ಮಿಸುಕಲಿಲ್ಲ. ಆದರೂ ಡಾಕ್ಟರಮ್ಮ ಪರದೆ ನೋಡಿ ಕನ್ನಡಕ ತೆಗೆದರು.

"ಮೆದುಳಿನ ಮಾತುಕತೆ ತುಂಬಾ ಕಮ್ಮಿ ಇದೆ."

ಸ್ಟ್ರೆಚರ್ ಹೊರಗೆ ಬಂದಾಗ ಇವರ ಕಣ್ಣು ಮುಚ್ಚಿತ್ತು. ಮಟಮಟ ಮಧ್ಯಾಹ್ನ ಇವರು ಎಂದೂ ನಿದ್ದೆ ಮಾಡಿದವರಲ್ಲ. ಬೆಳಿಗ್ಗೆಯಿಂದ ಇವರ ಹತ್ತಿರವಿದ್ದ ಅತ್ತೆಯ ಕಡೆ ತಿರುಗಿದೆ. ಅವರು ನೆಲ ನೋಡುತ್ತಿದ್ದರು.

"ಏನು ಕೊಟ್ರಿ?"

"ನಡುಕದ ಮಾತ್ರೆ. ದಿನಾ ಕೊಡೋದೇ. ಅರ್ಧ ಜಾಸ್ತಿ. ಅಲುಗಾಡಿದ್ರೆ ಮತ್ತೆ ಕೆಡುತ್ತಲ್ಲ ಅಂತ ಕೊಟ್ಟೆ ಕಣೆ."

ಕೈಲಿದ್ದ ಚೀಲ ಅವರ ಮೇಲೆ ಎಸೆಯುವಷ್ಟು ಸಿಟ್ಟು ಬಂತು. ಎಸೆಯಲಿಲ್ಲ. ಹೋಗಿ ಡಾಕ್ಟರಮ್ಮನ ಬಾಗಿಲಿಗೆ ಅಡ್ಡ ನಿಂತು ವಿಷಯ ಹೇಳಿದೆ.

"ನೀವು ನೋಡಿದ್ದು ಮಾತ್ರೆ ಮಂಪರನ್ನ, ಇವರನ್ನಲ್ಲ. ಇನ್ನೊಂದ್ಸಲ ನೋಡಿ. ಅಲ್ಲಿವರೆಗೂ ನಾನು ಕದಲಲ್ಲ."

ಮಾತ್ರೆಯ ಮಂಪರು ಪೂರ್ತಿ ಇಳಿದ ಮೇಲೆ, ಕೈಕಾಲಿಗೆ ದಿಂಬು ಒತ್ತುಕೊಟ್ಟು ಮತ್ತೆ ಒಳಗೆ ಕರೆದೊಯ್ದರು. ನಡುಕ ಬಂದರೆ ಮುಗಿಯಿತು. ಅತ್ತೆ ಸೊಸೆ ಇಬ್ಬರೂ ಬೆಂಚಿನ ಮೇಲೆ ಕೂತೆವು. ಜಗಳಕ್ಕೂ ತ್ರಾಣವಿರಲಿಲ್ಲ.

ಡಾಕ್ಟರಮ್ಮ ಬಂದು ಎದುರಿಗೇ ಕೂತರು. "ಈ ಸಲ ಚೆನ್ನಾಗಿ ಕಾಣ್ತಿದೆ. ಏಳ್ತಾರೆ ಅಂತ ಮಾತು ಕೊಡಲ್ಲ. ಆದ್ರೆ ಒಳಗೆ ಅರಿವು ಇರ್ಬಹುದು. ಚಿಕಿತ್ಸೆ ನಿಲ್ಸಲ್ಲ. ಇನ್ಮೇಲೆ ಅವರ ಮುಂದೆ ನೋಡ್ಕೊಂಡು ಮಾತಾಡಿ."

ಅತ್ತೆ ನನ್ನ ಕಡೆ ತಿರುಗಿದರು. ಇಷ್ಟು ತಿಂಗಳು ಆ ಮಂಚದ ಆಚೆಗೊಬ್ಬರು ಈಚೆಗೊಬ್ಬರು ನಿಂತು ನಾವು ಕಚ್ಚಾಡದ ವಿಷಯವೇ ಇರಲಿಲ್ಲ.

"ಎಲ್ಲಾ ಕೇಳಿಸ್ಕೊಂಡಿದ್ದಾನೇನೆ?"

"ಯಾರ ಪಕ್ಷ ಹಿಡೀಬೇಕೋ ಗೊತ್ತಾಗದೆ ಸುಮ್ನಿದ್ದಾರೇನೋ," ಎಂದೆ. ನಗಬೇಕೆಂದಿದ್ದೆ, ಅಳು ಬಂತು.

ವಾರ್ಡಿಗೆ ಬಂದ ಮೇಲೆ ಅತ್ತೆ ಎಂದಿನಂತೆ ಒದ್ದೆ ಬಟ್ಟೆ ಹಿಂಡಿ ಮಂಚದ ಹತ್ತಿರ ಹೋದರು. ಎಂದಿನಂತೆ ಒರೆಸಲಿಲ್ಲ.

"ಮಗಾ, ಮುಖ ಒರೆಸ್ಲಾ?" ಎಂದು ಕೇಳಿ, ಬಟ್ಟೆ ಹಿಡಿದುಕೊಂಡು ಉತ್ತರಕ್ಕೆ ಕಾಯುತ್ತ ನಿಂತರು.