ಭಾನುವಾರದ ಚಿತ್ರಪಾಠ

ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ ಅವಳಿಗೆ ಭಾನುವಾರಗಳೇ ಭಾರವಾದವು. ಉಳಿದ ದಿನ ಲಾಂಡ್ರಿಯಲ್ಲಿ, ಇಸ್ತ್ರಿಪೆಟ್ಟಿಗೆಯ ಹಬೆಯಲ್ಲಿ ಹೇಗೋ ಹೊತ್ತು ಹೋಗುತ್ತಿತ್ತು. ಭಾನುವಾರ ಮಾತ್ರ ಅತ್ತೆ, ಅವಳು, ಎರಡು ಕೋಣೆ. ಅಪಘಾತದ ಸುದ್ದಿ ಬಂದ ದಿನ ಅತ್ತೆ ಬಂದವರೆದುರಿಗೇ, "ಜ್ವರ ಇದ್ದೋನನ್ನ ಲಾರಿ ಹತ್ತೋಕೆ ಬಿಟ್ಟೆಯಲ್ಲೇ!" ಎಂದುಬಿಟ್ಟಿದ್ದರು. ಅಂದಿನಿಂದ ಇಬ್ಬರ ನಡುವೆ "ನೀರು ಕಾದಿದೆ", "ಬಾಗಿಲು ಹಾಕ್ಕೊಳ್ಳಿ", ಇಷ್ಟೇ ಮಾತು.

ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ದೊಡ್ಡವರಿಗೂ ಚಿತ್ರ ಬರೆಯಲು ಕಲಿಸುತ್ತಾರೆಂದು ಕೇಳಿ ಅವಳು ಹೋಗಿ ಸೇರಿದ್ದು ಕಲೆಯ ಮೇಲಿನ ಮೋಹಕ್ಕಲ್ಲ, ಮನೆಯಿಂದ ತಪ್ಪಿಸಿಕೊಳ್ಳಲು.

ಡ್ರಾಯಿಂಗ್ ಮೇಷ್ಟ್ರು ಮೊದಲು ಬರೀ ಗೆರೆ ಎಳೆಸಿದರು. ಆಮೇಲೆ ಮೇಜಿನ ಮೇಲೊಂದು ಲೋಟ ಇಟ್ಟರು. ಅವಳು ಅದರ ಬಾಯಿಯನ್ನು ದುಂಡಗೆ ಬರೆದಳು.

"ಕೂತಲ್ಲಿಂದ ಅದು ದುಂಡಗೆ ಕಾಣುತ್ತಾ?"

"ಲೋಟ ದುಂಡಗೇ ಇರುತ್ತಲ್ಲ ಸಾರ್."

"ಇರುತ್ತೆ. ನಾನು ಕೇಳಿದ್ದು ಕಾಣುತ್ತಾ ಅಂತ."

ಮತ್ತೆ ನೋಡಿದಳು. ಅಂಚು ಚಪ್ಪಟೆಯಾಗಿ ಒತ್ತಿದಂತಿತ್ತು. ದಿನಾ ಕೈಯಲ್ಲಿ ಹಿಡಿಯುವ ವಸ್ತು ಇದುವರೆಗೆ ಕಂಡೇ ಇರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ನೆರಳಿನ ಪಾಠದಲ್ಲಿ ಕಣ್ಣು ಕಿರಿದು ಮಾಡಿ ನೋಡುವುದನ್ನು ಕಲಿತಳು. ಹಾಗೆ ನೋಡಿದರೆ ಚಿಲ್ಲರೆ ವಿವರವೆಲ್ಲ ಅಳಿಸಿಹೋಗಿ ಬೆಳಕು, ಕತ್ತಲೆ ಮಾತ್ರ ಉಳಿಯುತ್ತವೆ. ಮುಖದ ಪಾಠದ ದಿನ ಎಲ್ಲರೂ ಕಣ್ಣನ್ನು ಹಣೆಗೆ ಹತ್ತಿಸಿದ್ದರು. "ಕಣ್ಣು ಇರೋದು ತಲೆಯ ನಟ್ಟನಡುವೆ. ಮಿದುಳಿಗೂ ಸ್ವಲ್ಪ ಜಾಗ ಬಿಡ್ರಪ್ಪ," ಎಂದರು ಮೇಷ್ಟ್ರು. "ಮನೇಲಿ ಅಲ್ಲಾಡದೆ ಕೂರೋರು ಯಾರಿದ್ದಾರೋ ಅವರನ್ನ ಬರ್ಕೊಂಡು ಬನ್ನಿ."

ಅವಳ ಮನೆಯಲ್ಲಿ ಇದ್ದವರು ಅತ್ತೆ ಒಬ್ಬರೇ.

ಕೇಳಲು ಬಾಯಿ ಬರಲಿಲ್ಲ. ಅತ್ತೆ ಕಿಟಕಿಯ ಪಕ್ಕ ಕೂತಿದ್ದಾಗ ಸುಮ್ಮನೆ ಎದುರಿಗೆ ಸ್ಟೂಲು ಎಳೆದುಕೊಂಡಳು. ಅತ್ತೆ ಕಾಗದವನ್ನೊಮ್ಮೆ ನೋಡಿ ಮುಖ ತಿರುಗಿಸಿದರು. ಎದ್ದು ಮಾತ್ರ ಹೋಗಲಿಲ್ಲ.

ತಲೆಯ ಆಕಾರ, ನಡುವೆ ಕಣ್ಣಿನ ಗೆರೆ. ಪೆನ್ಸಿಲನ್ನು ತೋಳುದ್ದ ಹಿಡಿದು ಮೂಗನ್ನು ಅಳೆದಳು. ಕಣ್ಣು ಕಿರಿದು ಮಾಡಿದಾಗ ಹುಬ್ಬಿನ ಕೆಳಗಿನ ನೆರಳು ಕಂಡಿತು. ಹೊರತುದಿಯಲ್ಲಿ ಅದು ಥಟ್ಟನೆ ಕೆಳಗಿಳಿಯುತ್ತಿತ್ತು. ಆ ಇಳಿಜಾರು ಅವಳಿಗೆ ಗೊತ್ತಿತ್ತು. ನಿದ್ದೆಹೋದ ಗಂಡನ ಮುಖದಲ್ಲಿ ಎಷ್ಟೋ ಸಲ ಅದರ ಮೇಲೆ ಬೆರಳಾಡಿಸಿದ್ದಳು. ಕೈ ನಿಂತಿತು.

"ಯಾಕೆ ನಿಲ್ಲಿಸ್ದೆ?"

"ಹುಬ್ಬು... ಅವರದ್ದೇ."

ಅತ್ತೆ ತಮ್ಮ ಹುಬ್ಬನ್ನು ಬೆರಳಿನಿಂದ ಮೆಲ್ಲಗೆ ಸವರಿಕೊಂಡರು, ಬೇರೆ ಯಾರದ್ದನ್ನೋ ಮುಟ್ಟುವ ಹಾಗೆ.

"ಅವನು ನನ್ನ ಮಾತೂ ಕೇಳ್ತಿರ್ಲಿಲ್ಲ ಕಣೇ. ಅವತ್ತು ಬಾಗಿಲಲ್ಲಿ ನಾನೂ ಇದ್ನಲ್ಲ. ನಾನಾದ್ರೂ ಎಲ್ಲಿ ತಡೆದೆ?"

ಅವಳ ಕಣ್ಣು ಮಂಜಾಗಿ ಕಾಗದ ಕಾಣದಾಯಿತು.

"ಬರಿ," ಎಂದರು ಅತ್ತೆ. "ನಾನು ಅಲ್ಲಾಡಲ್ಲ."

ಬೆಳಕು ಹೋಗುವವರೆಗೂ ಇಬ್ಬರೂ ಹಾಗೇ ಕೂತರು.

ಮುಂದಿನ ಪಾಠದಲ್ಲಿ ಮೇಷ್ಟ್ರು ಆ ಚಿತ್ರವನ್ನು ಬಹಳ ಹೊತ್ತು ನೋಡಿ, "ಕಿವಿ ಕೆಳಗೆ ಜಾರಿದೆ," ಎಂದಷ್ಟೇ ಹೇಳಿದರು. ಅವಳು ಮನೆಗೆ ಬಂದು ಆ ಮಾತನ್ನು ಹಾಗೇ ಒಪ್ಪಿಸಿದಳು. ಅತ್ತೆ ಕನ್ನಡಕ ಏರಿಸಿ, ಚಿತ್ರವನ್ನು ದೂರ ಹಿಡಿದು ನೋಡಿದರು.

"ಸದ್ಯ, ಮೂಗು ಜಾರಲಿಲ್ಲ," ಎಂದು, ಕುರ್ಚಿಯನ್ನು ತಾವೇ ಬೆಳಕಿಗೆ ಎಳೆದುಕೊಂಡು ಅಲ್ಲಾಡದೆ ಕೂತರು.