ಹೊಳೆ ದಾಟಿದರೆ ಕಾರ್ಡ್ ದಾಟುವುದಿಲ್ಲ

ನಮ್ಮ ಟಗ್ ಹೊಳೆಯ ಈ ದಂಡೆ ಕೆಂಟಕಿ ರಾಜ್ಯ, ಆ ದಂಡೆ ವೆಸ್ಟ್ ವರ್ಜೀನಿಯಾ. ಹಾಗಂತ ನಕ್ಷೆ ಹೇಳುತ್ತದೆ, ನಮ್ಮ ಜನ ಹೇಳುವುದಿಲ್ಲ. ನಮಗೆ ಚರ್ಚು ಇಲ್ಲಿ, ಔಷಧದಂಗಡಿ ಅಲ್ಲಿ. ಸೊಸೆ ಆ ದಂಡೆಯವಳು, ಅಳಿಯ ಈ ದಂಡೆಯವನು. ಮಾರ್ಚಿನ ನೆರೆಯಲ್ಲಿ ಆ ದಂಡೆಯ ಟ್ರೆಸ್ಸಿಯ ಮನೆ ಕೊಚ್ಚಿಹೋಯಿತು. ಗಂಡ ರೈಲು ಹಳಿ ರಿಪೇರಿ ಕೆಲಸಕ್ಕೆ ದೂರ ಹೋಗಿದ್ದ. ಅವಳು ಮಗಳು ಐವಲೀಯನ್ನು ಕರೆದುಕೊಂಡು, ಸೇತುವೆ ದಾಟಿ, ಈಚೆ ದಂಡೆಯಲ್ಲಿದ್ದ ಮಾವ ಹೋಬರ್ಟನ ಮನೆ ಸೇರಿದಳು. ಅದನ್ನು ರಾಜ್ಯ ಬದಲಿಸಿದ್ದು ಎಂದು ಯಾರೂ ಅಂದುಕೊಳ್ಳಲಿಲ್ಲ. ಅವಳೂ ಅಂದುಕೊಳ್ಳಲಿಲ್ಲ.

ನಾನು ಡೆಲ್ಫಿಯಾ, ಇಲ್ಲಿಯ ಕ್ಲಿನಿಕ್ಕಿನಲ್ಲಿ ಆರೋಗ್ಯ ಕಾರ್ಯಕರ್ತೆ. ಮನೆ ಮನೆ ತಿರುಗುವುದು, ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುವುದು ನನ್ನ ಕೆಲಸ. ಹೋಬರ್ಟ್ ನನ್ನ ಜೊತೆ ಶಾಲೆಗೆ ಬಂದವನು, ಆಮೇಲೆ ಕಲ್ಲಿದ್ದಲು ಗಣಿಗೆ ಇಳಿದವನು. ನಾನು ಸಂಬಳ ನಿಂತರೂ ಬುದ್ಧಿ ಹೇಳುವುದನ್ನು ನಿಲ್ಲಿಸುವವಳಲ್ಲ ಎಂದು ಕಂಡಾಗಲೆಲ್ಲ ಚುಚ್ಚುತ್ತಾನೆ. ಚುಚ್ಚಲಿ. ಅವತ್ತು ನಾನು ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಎಂದು ಅವನಿಗೂ ಗೊತ್ತು.

ಅವತ್ತು ಭಾನುವಾರ. ಪ್ರಾರ್ಥನೆ ಮುಗಿದು ಚರ್ಚಿನ ಕೆಳಮಹಡಿಯಲ್ಲಿ ಎಲ್ಲರೂ ತಂದ ಅಡುಗೆ ಹಂಚಿಕೊಂಡು ಉಣ್ಣುತ್ತಿದ್ದೆವು. ಐವಲೀಯ ತಟ್ಟೆ ಖಾಲಿ ಇತ್ತು. ಹುಡುಗಿ ಲೋಟದ ಮೇಲೆ ಲೋಟ ನೀರು ಕುಡಿಯುತ್ತಿದ್ದಳು, ಎದ್ದೆದ್ದು ಬಚ್ಚಲಿಗೆ ಹೋಗುತ್ತಿದ್ದಳು. ಅವಳಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಚುಚ್ಚಲೇಬೇಕು.

"ಟ್ರೆಸ್ಸಿ, ಮಗು ಯಾಕೆ ಏನೂ ತಿಂತಿಲ್ಲ?" ಎಂದೆ.

"ಹಸಿವಿಲ್ಲವಂತೆ ಚಿಕ್ಕಮ್ಮ."

"ನೀರು ಮಾತ್ರ ಹಾಗೆ ಕುಡೀತಿದಾಳಲ್ಲ. ನನ್ ಮುಖ ನೋಡಿ ಹೇಳು, ಏನಾಯ್ತು?"

ಅವಳು ನನ್ನನ್ನು ಪಾತ್ರೆ ತೊಳೆಯುವ ಮೂಲೆಗೆ ಎಳೆದುಕೊಂಡು ಹೋದಳು.

"ಇನ್ಸುಲಿನ್ ತಳ ಮುಟ್ಟಿದೆ ಚಿಕ್ಕಮ್ಮ. ಅಂಗಡಿಯೋರು ಮೆಡಿಕೇಡ್ ಕಾರ್ಡ್ ಹಾಕಿ ನೋಡಿ, ಇದು ನಡೆಯಲ್ಲ ಅಂದ್ರು. ಕೈಯಿಂದ ಕೊಟ್ಟು ತರೋ ಔಷಧಾನಾ ಅದು? ಅದಕ್ಕೇ ಡೋಸ್ ಕಮ್ಮಿ ಮಾಡಿದೀನಿ, ಊಟಾನೂ ಕಮ್ಮಿ ಮಾಡಿದೀನಿ. ಕಮ್ಮಿ ತಿಂದ್ರೆ ಕಮ್ಮಿ ಔಷಧ ಸಾಕಲ್ವಾ?"

ಮೆಡಿಕೇಡ್ ಎಂದರೆ ಕಡಿಮೆ ಆದಾಯದವರ ಆಸ್ಪತ್ರೆ, ಔಷಧದ ಖರ್ಚನ್ನು ಸರ್ಕಾರವೇ ಕಟ್ಟುವ ಯೋಜನೆ; ಆದರೆ ಕಾರ್ಡಿನ ಮಾತು ಆಮೇಲೆ. ಇಂಥ ಮಕ್ಕಳಿಗೆ ಊಟ ಬಿಡಿಸಿದರೂ ಇನ್ಸುಲಿನ್ ಬೇಕೇ ಬೇಕು. ಅದಿಲ್ಲದೆ ಹೋದರೆ ರಕ್ತವೇ ವಿಷವಾಗುತ್ತದೆ. ಐವಲೀಯನ್ನು ಹತ್ತಿರ ಕರೆದು ಮುಖಕ್ಕೆ ಮುಖ ಕೊಟ್ಟು ನೋಡಿದೆ. ಅವಳ ಉಸಿರಿನಲ್ಲಿ ಕಳಿತ ಹಣ್ಣಿನ ವಾಸನೆ ಬರುತ್ತಿತ್ತು. ಅದು ಒಳ್ಳೆಯ ಲಕ್ಷಣವಲ್ಲ.

"ಏಳು, ಆಸ್ಪತ್ರೆಗೆ ಹೋಗೋಣ. ಈಗಲೇ."

ಹೋಬರ್ಟ್ ಕಾಫಿ ಹಿಡಿದುಕೊಂಡು ಅಡ್ಡ ಬಂದ. "ಕಾರ್ಡೇ ಇಲ್ಲ, ಬಾಗಿಲಲ್ಲೇ ನಿಲ್ಲಿಸ್ತಾರೆ. ನಾಳೆ ಬೆಳಿಗ್ಗೆ ನಾನೇ ಫೋನ್ ಮಾಡಿ ಸರಿ ಮಾಡಿಸ್ತೀನಿ ಬಿಡು."

"ತುರ್ತು ಅಂತ ಹೋದೋರನ್ನ ನೋಡದೆ ವಾಪಸ್ ಕಳಿಸೋ ಹಾಗಿಲ್ಲ ಕಣೋ. ಕಾನೂನಿದೆ. ವಾದ ಮಾಡೋದಾದ್ರೆ ಕಾರಲ್ಲಿ ಕೂತು ಮಾಡು."

ಮಾಡಿದ. ನಮ್ಮ ಗುಡ್ಡದ ದಾರಿಯಲ್ಲಿ ತಿರುವಿಗೊಂದು ತಿರುವು. ಹಿಂದಿನ ಸೀಟಿನಲ್ಲಿ ಐವಲೀ ತಾಯಿಯ ತೊಡೆಯ ಮೇಲೆ ಮಲಗಿ, ಹೊಟ್ಟೆನೋವು ಎಂದು ನರಳುತ್ತಿದ್ದಳು. ಹೋಬರ್ಟ್ ಮುಂದೆ ಕೂತು ಸರ್ಕಾರವನ್ನು ಬೈಯುತ್ತಿದ್ದ. ಅವನಿಗೂ ಹೆದರಿಕೆಯಾಗಿತ್ತು, ಹೆದರಿದಾಗ ಅವನು ಯಾರನ್ನಾದರೂ ಬೈಯಲೇಬೇಕು.

"ಮೆಡಿಕೇಡ್ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದ್ದು ತಾನೆ? ವಾಷಿಂಗ್ಟನ್ ಒಂದೇ ಇರೋದು. ಆ ದಂಡೇಲಿದ್ದಾಗ ನಡೀತಿದ್ದ ಕಾರ್ಡು ಈ ದಂಡೆಗೆ ಬಂದ್ರೆ ಯಾಕೆ ನಡೆಯಲ್ಲ?"

"ವಾಷಿಂಗ್ಟನ್ ದುಡ್ಡಿನ ದೊಡ್ಡ ಪಾಲು ಹಾಕತ್ತೆ, ಮುಖ್ಯವಾದ ನಿಯಮ ಮಾಡತ್ತೆ. ಉಳಿದ ಪಾಲು ರಾಜ್ಯದ್ದು. ಯಾರಿಗೆ ಕೊಡಬೇಕು ಅಂತ ಅರ್ಜಿ ನೋಡೋದು, ಕಾರ್ಡ್ ಕೊಡೋದು, ಡಾಕ್ಟರಿಗೆ ಬಿಲ್ ಕಟ್ಟೋದು ಎಲ್ಲಾ ರಾಜ್ಯಾನೇ. ವೆಸ್ಟ್ ವರ್ಜೀನಿಯಾ ತನ್ನ ಜನಕ್ಕೆ ಮಾಡತ್ತೆ, ಕೆಂಟಕಿ ತನ್ನ ಜನಕ್ಕೆ."

"ಇಬ್ಬರು ಯಜಮಾನರು. ಇವನನ್ನ ಕೇಳಿದ್ರೆ ಅವನ ಕಡೆ ಕೈ ತೋರಿಸ್ತಾನೆ. ಬೇಡವೇ ಬೇಡ, ನನ್ ತಮ್ಮ ಇನ್ನೂ ಆ ದಂಡೇಲೇ ಇದಾನೆ. ಅವನ ವಿಳಾಸ ಕೊಟ್ಟು ಹಳೇ ಕಾರ್ಡೇ ನಡೆಸಿದ್ರಾಯ್ತು."

"ಸುಳ್ಳು ವಿಳಾಸ ಕೊಟ್ಟು ಸಿಕ್ಕಿಹಾಕ್ಕೊಂಡ್ರೆ ಕೋರ್ಟು ಕಚೇರಿ ಅಂತ ಅಲೆಯೋಳು ನಿನ್ ಸೊಸೆ. ಹೋಬರ್ಟ್, ನೀನು ಎರಡೂ ದಂಡೆ ಗಣೀಲಿ ದುಡಿದೋನಲ್ವಾ? ಆ ಕಡೆ ಗಣಿ ಬಿಟ್ಟು ಈ ಕಡೆ ಬಂದಾಗ ಕಾರ್ಮಿಕ ಸಂಘದಲ್ಲಿ ಏನ್ ಮಾಡಿದೆ?"

"ಏನ್ ಮಾಡೋದು, ಶಾಖೆ ಬದಲಾಯಿಸ್ಕೊಂಡೆ."

"ಯಾಕೆ? ಸಂಘ ಒಂದೇ ಅಲ್ವಾ?"

"ಸಂಘ ಒಂದೇ ಆದ್ರೂ ಇಲ್ಲಿ ಗಣೀಲಿ ಕಾಲು ಮುರ್ಕೊಂಡ್ರೆ ನಿನ್ ಪರ ಬಂದು ನಿಲ್ಲೋನು ಇಲ್ಲಿ ಶಾಖೆಯೋನು. ಅವನ ಹತ್ರ ನಿನ್ ಹೆಸರೇ ಇಲ್ದಿದ್ರೆ…" ಎಂದು ಶುರು ಮಾಡಿದವನು ಅರ್ಧಕ್ಕೆ ನಿಲ್ಲಿಸಿದ. ಆಮೇಲೆ, "ಅಂದ್ರೆ ಈ ದಂಡೇಲೇ ಹೆಸರು ಬರೆಸ್ಬೇಕು ಅನ್ನು," ಎಂದ.

ಆಸ್ಪತ್ರೆಯಲ್ಲಿ ಯಾರೂ ಬಾಗಿಲಲ್ಲಿ ನಿಲ್ಲಿಸಲಿಲ್ಲ. ಐವಲೀ ಅಲ್ಲೇ ವಾಂತಿ ಮಾಡಿಕೊಂಡಳು, ನರ್ಸುಗಳು ಗಾಲಿಮಂಚದಲ್ಲಿ ಒಳಗೆ ಕರೆದುಕೊಂಡು ಹೋದರು. ನಾವು ಮೂವರೂ ಹೊರಗೆ ಕಾದೆವು. ಒಳಗಿನಿಂದ ಯಾರಾದರೂ ಬಂದರೆ ಮೂವರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದೆವು, ಅವರು ಬೇರೆ ಯಾರನ್ನೋ ಕರೆದರೆ ಕೂರುತ್ತಿದ್ದೆವು.

ಟ್ರೆಸ್ಸಿ ನೆಲ ನೋಡುತ್ತಾ ಹೇಳಿದಳು. "ಮನೆ ಬದಲಾದ್ರೆ ತಿಳಿಸಬೇಕು ಅಂತ ಗೊತ್ತಿತ್ತು ಚಿಕ್ಕಮ್ಮ. ಅಂಗಡಿಯೋರೂ ಹೇಳಿದ್ರು, ವರ್ಷಕ್ಕೊಂದು ಸಲ ಕೇಳೋ ವಿವರಕ್ಕೆ ನಿಮ್ಮಿಂದ ಉತ್ತರ ಹೋಗಿಲ್ಲ, ಅದಕ್ಕೇ ಆ ರಾಜ್ಯದೋರು ಕಾರ್ಡ್ ನಿಲ್ಲಿಸಿದಾರೆ ಅಂತ. ಆ ಕಾಗದ ಹಳೇ ಮನೆಗೇ ಬಂದಿರತ್ತೆ. ಮನೆ ಎಲ್ಲಿದೆ? ಹೊಸ ವಿಳಾಸ ಹೇಳೋಣ ಅಂತ ಎಷ್ಟೋ ಸಲ ಫೋನ್ ತಗೊಂಡೆ. ಹೇಳಿಬಿಟ್ರೆ ಆ ಮನೆ ಹೋಯ್ತು ಅಂತ ನಾನೇ ಒಪ್ಪಿಕೊಂಡ ಹಾಗಾಗತ್ತಲ್ಲ ಅಂತ ಇಟ್ಟುಬಿಡ್ತಿದ್ದೆ."

ಬಾಯಿತುಂಬ ಬೈಯಬೇಕೆಂದಿದ್ದವಳು ಅವಳ ಕೈ ಹಿಡಿದು ಕೂತೆ.

ಸಂಜೆಯ ಹೊತ್ತಿಗೆ ಡಾಕ್ಟರು ಬಂದರು. "ಉಳೀತಾಳೆ," ಎಂದರು ಮೊದಲು. ಆಮೇಲೆ, "ನಾಳೆ ತನಕ ಕಾದಿದ್ರೆ ನಾನು ಈ ಮಾತು ಹೇಳೋಕೆ ಆಗ್ತಿರಲಿಲ್ಲ," ಎಂದರು. ನಾಳೆ ಎಂದಿದ್ದವನು ಹೋಬರ್ಟ್. ಅವನು ಗೋಡೆಗೆ ಒರಗಿ ಟೋಪಿ ತೆಗೆದು ಮುಖ ಮುಚ್ಚಿಕೊಂಡ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲೇ ಅರ್ಜಿಗೆ ನೆರವಾಗುವ ಮೇಜಿನ ಮುಂದೆ ಕೂತೆವು. ಟ್ರೆಸ್ಸಿ ಹೆದರುತ್ತಾ ಕೇಳಿದಳು. "ನಾವು ಕೆಂಟಕಿಗೆ ಬಂದು ವರ್ಷ ಆಗಿಲ್ಲ. ಸ್ವಂತ ಮನೇನೂ ಇಲ್ಲ. ಪರವಾಗಿಲ್ವಾ?"

ಮೇಜಿನ ಹಿಂದಿದ್ದ ಹೆಂಗಸು ಹೇಳಿದಳು. "ಇಂತಿಷ್ಟು ಕಾಲ ಇದ್ದಿರಬೇಕು ಅಂತ ಯಾವ ರಾಜ್ಯಾನೂ ಕೇಳೋ ಹಾಗಿಲ್ಲ. ಅದು ವಾಷಿಂಗ್ಟನ್ ಮಾಡಿರೋ ನಿಯಮ. ಈಗ ಇಲ್ಲಿ ಇದೀರಾ, ಇಲ್ಲೇ ಇರೋ ಮನಸ್ಸಿದೆಯಾ, ಅಷ್ಟು ಹೇಳಿ. ಆ ರಾಜ್ಯಕ್ಕೂ ಫೋನ್ ಮಾಡಿ, ಬಿಟ್ಟು ಬಂದಿದೀವಿ ಅಂತ ತಿಳಿಸಿ. ನಿನ್ನೆ ಆಸ್ಪತ್ರೆ ಖರ್ಚಿಗೂ ಇದರಲ್ಲಿ ದುಡ್ಡು ಸಿಗಬಹುದು, ಅದನ್ನೂ ಕೇಳೋಣ. ಸದ್ಯ ಎಲ್ಲಿ ಉಳ್ಕೊಂಡಿದೀರಾ?"

ಟ್ರೆಸ್ಸಿ ಮೇಜಿನ ಮೇಲಿನ ಅರ್ಜಿಯನ್ನು ಮಾವನ ಕಡೆ ಸರಿಸಿದಳು. ಹೋಬರ್ಟ್ ಮುಂದೆ ಬಂದ.

"ಉಳ್ಕೊಂಡಿಲ್ಲಮ್ಮ. ನನ್ ಮನೇಲಿ ಇದಾರೆ. ಇನ್ಮೇಲೆ ಅದೇ ಅವರ ಮನೆ. ಬರ್ಕೊಳ್ಳಿ."

ಟ್ರೆಸ್ಸಿ ಮಾವನ ಮುಖ ನೋಡಿ ಅತ್ತುಬಿಟ್ಟಳು. ನೆರೆ ಬಂದಾಗಲೂ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. ಅರ್ಜಿ ಅವತ್ತೇ ಹೋಯಿತು. ಮಂಜೂರಾಗುವ ತನಕದ ಇನ್ಸುಲಿನ್ನನ್ನು ನಮ್ಮ ಕ್ಲಿನಿಕ್ಕಿನಿಂದ ಕೊಟ್ಟೆವು. ಈಗ ಹೋಬರ್ಟ್ ಹೊಸದಾಗಿ ಹೊಳೆ ದಾಟಿ ಬಂದವರು ಯಾರು ಸಿಕ್ಕರೂ ನಿಲ್ಲಿಸಿ, ಕೆಂಟಕಿ ಕಾರ್ಡ್ ಮಾಡಿಸಿದಿರಾ ಎಂದು ಕೇಳುತ್ತಾನೆ. ಕೇಳದವರಿಗೂ ಬುದ್ಧಿ ಹೇಳುವ ಚಟ ಅವನಿಗೂ ಅಂಟಿದೆ.

ಇದನ್ನು ಓದುತ್ತಿರುವ ತಾಯಂದಿರೇ, ಅಣ್ಣಂದಿರೇ, ನೀವೂ ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಬಂದಿದ್ದೀರಾ? ಹೊಳೆಯಾಚೆಯಿಂದ ಈಚೆಗೆ ಬಂದಿದ್ದರೂ ಅದು ಬೇರೆ ರಾಜ್ಯವೇ. ನಿಮ್ಮ ಹಳೆಯ ಮೆಡಿಕೇಡ್ ಕಾರ್ಡ್ ನಿಮ್ಮ ಹಿಂದೆ ಬರುವುದಿಲ್ಲ. ಬಿಟ್ಟು ಬಂದ ರಾಜ್ಯಕ್ಕೆ ತಿಳಿಸಿ, ಬಂದಿರುವ ರಾಜ್ಯದಲ್ಲಿ ಅರ್ಜಿ ಹಾಕಿ. ನೆಂಟರ ಮನೆಯಲ್ಲಿದ್ದರೂ ಹಾಕಬಹುದು. ಗೊತ್ತಾಗದಿದ್ದರೆ ಹತ್ತಿರದ ಕ್ಲಿನಿಕ್ಕಿಗೆ ಬನ್ನಿ, ಕೂತು ಮಾಡಿಸಿಕೊಡುತ್ತೇವೆ. ಔಷಧ ಮುಗಿಯುತ್ತಾ ಬಂದಿದ್ದರೆ ಡೋಸ್ ಮಾತ್ರ ಕಡಿಮೆ ಮಾಡಬೇಡಿ, ಅವತ್ತೇ ಬಂದು ಹೇಳಿ.

ಹೋದ ಮನೆಗಾಗಿ ಎಷ್ಟು ದಿನ ಬೇಕಾದರೂ ಅಳಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಮಗುವಿಗೆ ಅಷ್ಟು ದಿನ ಕಾಯಲು ಆಗುವುದಿಲ್ಲ.